ಆಯ್ದ ಕಸ ಎಲ್ಲಿಗೆ ಹೋಗಬೇಕು?

ರಾಜ್ಯದ ಊರೂರುಗಳಲ್ಲಿ ನಾಗರಿಕರು ತಾವಾಗಿಯೇ ಕೈಗೊಳ್ಳುವ ಸ್ವಚ್ಛತಾ ಶ್ರಮದಾನಗಳ ಬಗ್ಗೆ ಪ್ರಶ್ನೆ ಕಳಿಸಿ ಎಂದು ಓದುಗರನ್ನು ಕೇಳಿಕೊಂಡಿದ್ದೆವು. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಭಾಗದಿಂದ ಬಂದ ಪತ್ರಗಳಲ್ಲಿ ಆರನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಾವು ಇಪ್ಪತ್ತೈದು ಮಂದಿ ಸ್ನೇಹಿತರು ತಿಂಗಳಿಗೆ ಎರಡು ಭಾನುವಾರ ಉಣಕಲ್ ಕೆರೆಯ ದಂಡೆಯಲ್ಲಿ ಕಸ ಆಯುತ್ತೇವೆ. ಮೂವತ್ತು ನಲವತ್ತು ಚೀಲ ತುಂಬುತ್ತವೆ. ಅವನ್ನು ಗಾಡಿಗೆ ಹೇರಿದ ಮೇಲೆ ಏನಾಗುತ್ತದೆ ಎಂಬುದು ನಮಗೆ ತಿಳಿಯದು. ನಮ್ಮ ಶ್ರಮ ಸಾರ್ಥಕವೇ?
ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ನೀವು ಕೇಳಿದ ಪ್ರಶ್ನೆಯನ್ನು ಶ್ರಮದಾನಕ್ಕೆ ಹೊರಡುವ ಪ್ರತಿಯೊಂದು ತಂಡವೂ ಹಿಂದಿನ ದಿನವೇ ಕೇಳಿಕೊಳ್ಳಬೇಕು. ಕೆರೆಯ ದಂಡೆಯಲ್ಲಿ ಬಿದ್ದಿದ್ದ ಬಾಟಲಿ, ಊಟದ ಎಲೆ, ಗುಟ್ಕಾ ಚೀಟಿ, ಒದ್ದೆ ಬಟ್ಟೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರೆ ಅದನ್ನು ಮತ್ತೆ ಬಿಚ್ಚಿ ಬೇರ್ಪಡಿಸುವವರು ಸಿಗುವುದು ಕಷ್ಟ. ಅದು ಕಾರವಾರ ರಸ್ತೆಯಲ್ಲಿರುವ ಕಸದ ಗುಡ್ಡಕ್ಕೆ ಮತ್ತೊಂದು ಹೊರೆಯಾಗುತ್ತದೆ. ಆಗ ಕಸ ಉಣಕಲ್ಲಿನಿಂದ ಊರಿನ ಇನ್ನೊಂದು ಅಂಚಿಗೆ ಜಾಗ ಬದಲಿಸಿತು ಅಷ್ಟೆ.

ಎರಡು ವರ್ಷದ ಹಿಂದೆ ಒಂದು ಬಡಾವಣೆಯ ಇಂಥ ಶ್ರಮದಾನದಲ್ಲಿ ನಾನೂ ಇದ್ದೆ. ಭಾನುವಾರ ಹನ್ನೆರಡು ಗಂಟೆಗೆ ಚೀಲಗಳನ್ನು ರಸ್ತೆಯ ಪಕ್ಕ ಸಾಲಾಗಿ ಇಟ್ಟು, ಫೋಟೊ ತೆಗೆಸಿಕೊಂಡು, ಎಲ್ಲರೂ ಮನೆಗೆ ಹೋದೆವು. ಗಾಡಿಗೆ ಹೇಳಿದ್ದೇವೆ ಎಂದು ಒಬ್ಬರು, ಬರುತ್ತದೆ ಎಂದು ಮತ್ತೊಬ್ಬರು ನಂಬಿದ್ದರು. ಬುಧವಾರ ಆ ದಾರಿಯಲ್ಲಿ ಹೋದಾಗ ಹಂದಿಗಳು ಅರ್ಧದಷ್ಟು ಚೀಲಗಳನ್ನು ಹರಿದು ಹರಡಿದ್ದವು. ಒಂದು ಆಕಳು ಅನ್ನ ಅಂಟಿದ್ದ ಕೈಚೀಲವೊಂದನ್ನು ಗಂಟುಸಹಿತ ಅಗಿಯುತ್ತ ನಿಂತಿತ್ತು. ಆ ಚೀಲಕ್ಕೆ ಗಂಟು ಹಾಕಿದವರು ನಾವೇ ಆಗಿರಬಹುದೆಂಬ ಯೋಚನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಆದ್ದರಿಂದ ಆಯುವಾಗಲೇ ಬೇರ್ಪಡಿಸಿ. ಮೂವರಿಗೊಂದು ಗುಂಪು ಮಾಡಿ, ಗುಂಪಿನ ಒಬ್ಬೊಬ್ಬರ ಕೈಗೆ ಒಂದೊಂದು ಬಗೆಯ ಚೀಲ ಕೊಟ್ಟರೆ ಹೆಚ್ಚು ಹೊತ್ತೇನೂ ಹಿಡಿಯುವುದಿಲ್ಲ. ನೀರಿನ ಮತ್ತು ತಂಪು ಪಾನೀಯದ ಬಾಟಲಿಗಳು, ಗಟ್ಟಿ ಡಬ್ಬಗಳು, ಗಾಜು, ತಗಡು, ಒಣಗಿದ ರಟ್ಟು, ಇವಕ್ಕೆಲ್ಲ ಗುಜರಿಯಲ್ಲಿ ಬೆಲೆಯಿದೆ. ಬಾಟಲಿಗಳ ಪ್ಲಾಸ್ಟಿಕ್ಕನ್ನು ತೊಳೆದು, ಚೂರು ಮಾಡಿ, ಕರಗಿಸಿ ಪಾಲಿಯೆಸ್ಟರ್ ನೂಲು ತೆಗೆಯುತ್ತಾರೆ. ಹಾಲಿನ ಪಾಕೀಟುಗಳೂ ಕರಗಿ ಮರುಬಳಕೆಯ ಪ್ಲಾಸ್ಟಿಕ್ ಕಾಳುಗಳಾಗುತ್ತವೆ, ಆದರೆ ತೊಳೆದು ಒಣಗಿಸಿದ್ದರೆ ಮಾತ್ರ. ಮನೆಯಲ್ಲಿ ಪಾಕೀಟು ಕತ್ತರಿಸುವಾಗ ಮೂಲೆಯ ತುಣುಕನ್ನು ಪೂರ್ತಿ ತುಂಡು ಮಾಡದೆ ತೂಗಾಡಲು ಬಿಡಿ ಎಂದು ನಿಮ್ಮ ತಂಡದವರಿಗೆ ಹೇಳಿ. ಉಗುರಿನಷ್ಟು ದೊಡ್ಡದಾದ ಆ ತುಣುಕನ್ನು ಯಾರೂ ಆಯುವುದಿಲ್ಲ. ಮೊದಲ ಮಳೆಗೇ ಅದು ಗಟಾರ ಸೇರಿ, ಅಲ್ಲಿಂದ ನಾಲಾ ಹಿಡಿದು ಹೋಗುತ್ತದೆ.

ಇನ್ನು ಚಿಪ್ಸ್ ಪಾಕೀಟು, ಬಿಸ್ಕತ್ತಿನ ಹೊದಿಕೆ, ಗುಟ್ಕಾ ಚೀಟಿಗಳ ವಿಷಯ. ಇವುಗಳಲ್ಲಿ ಪ್ಲಾಸ್ಟಿಕ್ಕಿನ ಪದರಕ್ಕೆ ಲೋಹದ ತೆಳು ಪದರ ಬೆಸೆದಿರುತ್ತದೆ. ಆ ಪದರಗಳನ್ನು ಬಿಡಿಸುವುದು ದುಬಾರಿಯಾದ್ದರಿಂದ ಗುಜರಿಯವರು ಇವನ್ನು ಮುಟ್ಟುವುದಿಲ್ಲ. ಇಂಥ ಕಸವನ್ನು ಸಿಮೆಂಟ್ ಕಾರ್ಖಾನೆಗಳ ಗೂಡುಗಳಲ್ಲಿ ಕಲ್ಲಿದ್ದಲಿನ ಜೊತೆ ಇಂಧನವಾಗಿ ಉರಿಸಲಾಗುತ್ತದೆ. ಅಲ್ಲಿನ ಶಾಖ 1400 ಡಿಗ್ರಿ ಸೆಲ್ಸಿಯಸ್ಸನ್ನೂ ಮೀರುತ್ತದೆ. ಆದರೆ ಕಾರ್ಖಾನೆಗೆ ಕಳಿಸಬೇಕಾದರೆ ಟನ್ನುಗಟ್ಟಲೆ ಕೂಡಬೇಕು, ಅದು ಪಾಲಿಕೆಯ ಮಟ್ಟದ ಕೆಲಸ. ನೀವು ಅದನ್ನು ಪ್ರತ್ಯೇಕವಾಗಿ ಕಟ್ಟಿ, ಒಣ ಕಸದ ಕೇಂದ್ರಕ್ಕೇ ಮುಟ್ಟುವಂತೆ ಮುಂಚೆಯೇ ಮಾತಾಡಿಕೊಳ್ಳಬೇಕು. ಪೇಪರ್ ಲೋಟಗಳನ್ನು ರದ್ದಿ ಕಾಗದದ ಜೊತೆ ಸೇರಿಸಬೇಡಿ, ಅವುಗಳ ಒಳಮೈಗೂ ಪ್ಲಾಸ್ಟಿಕ್ಕಿನ ಲೇಪವಿದೆ.

ಒಂದು ನೋಟುಪುಸ್ತಕವನ್ನೂ ಇಟ್ಟುಕೊಳ್ಳಿ. ಯಾವ ಬಗೆಯ ಕಸ, ಎಷ್ಟು ಚೀಲ, ದಂಡೆಯ ಯಾವ ಭಾಗದಲ್ಲಿ, ಯಾವ ಕಂಪನಿಯ ಹೊದಿಕೆ ಎಂದು ಪ್ರತಿ ಸಲವೂ ಬರೆಯಿರಿ. 1986ರಲ್ಲಿ ಅಮೆರಿಕದ ಟೆಕ್ಸಸ್ ರಾಜ್ಯದ ಕಡಲತೀರದಲ್ಲಿ ಆರಂಭವಾಗಿ ಇಂದು ಅನೇಕ ದೇಶಗಳಿಗೆ ಹಬ್ಬಿರುವ ಕಡಲತೀರ ಸ್ವಚ್ಛತಾ ಚಳವಳಿ ಮೊದಲ ದಿನದಿಂದಲೂ ಮಾಡಿದ್ದು ಇದನ್ನೇ. ಸ್ವಯಂಸೇವಕರು ತಾವು ಎತ್ತಿದ ಒಂದೊಂದು ವಸ್ತುವನ್ನೂ ಚೀಟಿಯಲ್ಲಿ ಗುರುತು ಹಾಕಿಕೊಂಡರು. ಕೆರೆಯ ಒಂದು ಮೂಲೆಯಲ್ಲಿ ಪ್ರತಿ ಸಲವೂ ಮದ್ಯದ ಬಾಟಲಿಗಳೇ ಸಿಗುತ್ತವೆ, ಇನ್ನೊಂದು ಮೂಲೆಯಲ್ಲಿ ಪೂಜೆಯ ಹೂವಿನ ಚೀಲಗಳೇ ಸಿಗುತ್ತವೆ ಎಂದು ಆರು ತಿಂಗಳ ಬರಹ ತೋರಿಸಿದರೆ, ಎಲ್ಲಿ ದೀಪ ಹಾಕಬೇಕು, ಎಲ್ಲಿ ಹೂವಿಗೆಂದೇ ತೊಟ್ಟಿ ಇಡಬೇಕು ಎಂದು ಪಾಲಿಕೆಯ ವಾರ್ಡ್ ಸದಸ್ಯರೆದುರು ಗಟ್ಟಿಯಾಗಿ ಕೇಳಬಹುದು.

ನೀರಿನ ಮೇಲೆ ಹಬ್ಬುವ ಅಂತರಗಂಗೆಯ ಬಗ್ಗೆಯೂ ನೀವು ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಕೆರೆಗೆ ಬರುವ ಕೊಳಚೆ ನೀರಿನಲ್ಲಿರುವ ಸಾರಜನಕ ಮತ್ತು ರಂಜಕವೇ ಅದಕ್ಕೆ ಗೊಬ್ಬರ. ಕೊಳಚೆ ಹರಿದು ಬರುತ್ತಿರುವಷ್ಟು ಕಾಲ ಕಿತ್ತಷ್ಟೂ ಬೆಳೆಯುತ್ತದೆ. ಸ್ವಯಂಸೇವಕರು ನೀರಿಗೆ ಇಳಿಯುವ ಸಾಹಸ ಬೇಡ.

ಪ್ರಶ್ನೆ: ಮಗ ಟೆಕ್ಸಸ್‌ನಲ್ಲಿದ್ದಾನೆ. ಅಲ್ಲಿನ ಹೆದ್ದಾರಿಗಳ ಪಕ್ಕದಲ್ಲಿ ಈ ರಸ್ತೆಯನ್ನು ಇಂಥ ಸಂಘ ದತ್ತು ಪಡೆದಿದೆ ಎಂಬ ಫಲಕಗಳನ್ನು ಕಂಡೆ. ನಮ್ಮ ಬೈಪಾಸ್ ರಸ್ತೆಯಲ್ಲಿ ಹಾಗೆ ಮಾಡಬಹುದೇ?
ಸಪ್ತಾಪುರ, ಧಾರವಾಡ

ಉತ್ತರ: ಆ ಯೋಜನೆ 1985ರಲ್ಲಿ ಟೆಕ್ಸಸ್‌ನ ಟೈಲರ್ ಎಂಬ ಊರಿನ ಬಳಿ ಆರಂಭವಾಯಿತು. ವಾಹನದ ಹಿಂಬದಿಯಿಂದ ಕಸ ಹಾರಿ ಬೀಳುವುದನ್ನು ಕಂಡ ಹೆದ್ದಾರಿ ಇಲಾಖೆಯ ಎಂಜಿನಿಯರ್ ಒಬ್ಬರಿಗೆ ಈ ಯೋಚನೆ ಹೊಳೆಯಿತು. ಒಂದು ಸಂಘ ಸುಮಾರು ಎರಡು ಮೈಲಿ ರಸ್ತೆಯನ್ನು ವಹಿಸಿಕೊಂಡು, ವರ್ಷದಲ್ಲಿ ಹಲವು ಬಾರಿ ಅದನ್ನೇ ಸ್ವಚ್ಛಗೊಳಿಸುತ್ತದೆ. ಇಲಾಖೆ ಚೀಲ ಮತ್ತು ಹೊಳೆಯುವ ಅಂಗಿ ಕೊಟ್ಟು, ತುಂಬಿದ ಚೀಲಗಳನ್ನು ಒಯ್ಯುತ್ತದೆ. ಫಲಕವನ್ನು ನಾವು ಮೊದಲು ಗಮನಿಸುತ್ತೇವೆ, ಆದರೆ ಯೋಜನೆ ನಿಂತಿರುವುದು ಅದೇ ರಸ್ತೆಗೆ ಅದೇ ಜನ ಮತ್ತೆ ಮತ್ತೆ ಬರುವುದರ ಮೇಲೆ ಮತ್ತು ಚೀಲ ಎತ್ತುವ ಹೊಣೆ ಯಾರದೆಂದು ಮೊದಲೇ ಬರೆದಿಟ್ಟಿರುವುದರ ಮೇಲೆ.

ಬೈಪಾಸ್ ಮಾತ್ರ ಬೇಡ. ಅಲ್ಲಿ ಲಾರಿಗಳು ಓಡುವ ವೇಗಕ್ಕೆ ನಡೆದಾಡುವವರಿಗೆ ರಕ್ಷಣೆಯಿಲ್ಲ, ಹೆದ್ದಾರಿ ಪ್ರಾಧಿಕಾರದ ಅನುಮತಿಯೂ ಬೇಕು. ನೀವು ದಿನವೂ ವಾಯುವಿಹಾರಕ್ಕೆ ಹೋಗುವ ಕೆಲಗೇರಿ ಕೆರೆಯ ಏರಿಯನ್ನೋ ಸಾಧನಕೇರಿಯ ಸುತ್ತಲಿನ ದಾರಿಯನ್ನೋ ಎತ್ತಿಕೊಳ್ಳಿ. ಅರ್ಧ ಕಿಲೋಮೀಟರ್ ಸಾಕು.

ಪ್ರಶ್ನೆ: ಮಾಗಡಿ ಕೆರೆಯಲ್ಲಿ ಜನವರಿಯಲ್ಲಿ ಶಾಲಾ ಮಕ್ಕಳಿಂದ ಸ್ವಚ್ಛತಾ ಕಾರ್ಯಕ್ರಮ ಮಾಡಬೇಕೆಂದಿದ್ದೇವೆ. ಸಲಹೆ ಕೊಡಿ.
ಶಿರಹಟ್ಟಿ, ಗದಗ ಜಿಲ್ಲೆ

ಉತ್ತರ: ಜನವರಿಯಲ್ಲಿ ದಯವಿಟ್ಟು ಮಾಡಬೇಡಿ. ಹಿಮಾಲಯದ ಆಚೆಯಿಂದ ಬರುವ ಪಟ್ಟೆತಲೆ ಬಾತುಗಳು ಚಳಿಗಾಲವನ್ನು ಅಲ್ಲಿ ಕಳೆಯುತ್ತವೆ. ಆ ಕಾರಣಕ್ಕಾಗಿಯೇ ಹೆಸರಾದ ಕೆರೆ ಅದು, ಜಗತ್ತಿನ ಮಹತ್ವದ ಜೌಗು ತಾಣಗಳಿಗೆ ಸಿಗುವ ರಾಮ್ಸರ್ ಮನ್ನಣೆಯೂ 2024ರಲ್ಲಿ ಅದಕ್ಕೆ ದೊರೆತಿದೆ. ನೂರಾರು ಮಕ್ಕಳ ಗದ್ದಲಕ್ಕೆ ಹಕ್ಕಿಗಳು ಏಳುತ್ತವೆ. ಅರಣ್ಯ ಇಲಾಖೆಯೊಡನೆ ಮಾತಾಡಿ, ಹಕ್ಕಿಗಳು ಮರಳಿದ ಮೇಲೆ, ಮಳೆ ಹಿಡಿಯುವ ಮೊದಲು ಮಾಡಿ. ಚಳಿಗಾಲದಲ್ಲಿ ಮಕ್ಕಳು ದೂರದಿಂದ ಹಕ್ಕಿ ನೋಡಲಿ.

ಪ್ರಶ್ನೆ: ನಾನು ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಅಧಿಕಾರಿ. ಏಳು ದಿನದ ಶಿಬಿರದಲ್ಲಿ ಹಳ್ಳಿಯನ್ನು ಗುಡಿಸಿ ಬರುತ್ತೇವೆ. ತಿಂಗಳಲ್ಲಿ ಊರು ಮೊದಲಿನಂತೆಯೇ ಆಗಿರುತ್ತದೆ. ವಿದ್ಯಾರ್ಥಿಗಳು ಬೇಸರಗೊಳ್ಳುತ್ತಾರೆ.
ಬ್ಯಾಡಗಿ, ಹಾವೇರಿ ಜಿಲ್ಲೆ

ಉತ್ತರ: ಬೇಸರ ಸಹಜ. ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಒಬ್ಬ ವಿದ್ಯಾರ್ಥಿ ಎರಡು ವರ್ಷದಲ್ಲಿ 240 ಗಂಟೆ ಸೇವೆ ಸಲ್ಲಿಸಬೇಕು. ಶಿಬಿರದ ಏಳು ದಿನಗಳ ಆಚೆಗೂ ಇರುವ ಈ ಗಂಟೆಗಳನ್ನು ಅದೇ ಹಳ್ಳಿಗೆ ತಿಂಗಳಿಗೊಮ್ಮೆ ಹೋಗಿ ಬರಲು ಬಳಸಿ. ಗುಡಿಸುವುದಕ್ಕೆ ಮೊದಲ ಎರಡು ದಿನ ಸಾಕು. ಉಳಿದ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಗ್ರಾಮ ಪಂಚಾಯಿತಿಯ ಸ್ವಚ್ಛವಾಹಿನಿಯ ಜೊತೆ ಮನೆಮನೆಗೆ ಕಳಿಸಿ. ಆ ಗಾಡಿ ಓಡಿಸುವವರೂ ಸ್ವಚ್ಛ ಸಂಕೀರ್ಣ ಘಟಕದಲ್ಲಿ ಕಸ ಬೇರ್ಪಡಿಸುವವರೂ ಎಷ್ಟೋ ಪಂಚಾಯಿತಿಗಳಲ್ಲಿ ಅದೇ ಊರಿನ ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಯಾವ ಓಣಿಯವರು ಕಸ ಬೇರೆ ಮಾಡಿ ಕೊಡುತ್ತಾರೆ, ಯಾರು ಹಿತ್ತಲಲ್ಲಿ ಸುಡುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಶಿಬಿರ ಮುಗಿದ ಮೇಲೂ ಊರಿನಲ್ಲಿ ಉಳಿಯುವವರು ಅವರೇ, ಆದ್ದರಿಂದ ಅವರ ಕೆಲಸ ಹಗುರವಾಗುವಂತೆ ನಿಮ್ಮ ಶಿಬಿರವನ್ನು ರೂಪಿಸಿ.

ನಿಮ್ಮ ಜಿಲ್ಲೆಯಲ್ಲಿ ಹತ್ತಿ, ಮೆಣಸಿನಕಾಯಿ, ಗೋವಿನಜೋಳ ಹೆಚ್ಚು. ಹೊಲದ ಬದುವಿನಲ್ಲಿ, ಹಳ್ಳದ ದಡದಲ್ಲಿ ಕೀಟನಾಶಕದ ಖಾಲಿ ಬಾಟಲಿಗಳು ಸಿಕ್ಕೇ ಸಿಗುತ್ತವೆ. ಅವುಗಳ ಮೇಲೆ ವಿಷದ ತೀವ್ರತೆ ತಿಳಿಸುವ ಕೆಂಪು, ಹಳದಿ, ನೀಲಿ ಅಥವಾ ಹಸಿರು ಗುರುತು ಇರುತ್ತದೆ. ಕೆಂಪು ಎಂದರೆ ಅತಿ ತೀವ್ರ ವಿಷ. ವಿದ್ಯಾರ್ಥಿಗಳು ಇವನ್ನು ಬರಿಗೈಯಿಂದ ಮುಟ್ಟಕೂಡದು, ಗುಜರಿಗೂ ಹಾಕಕೂಡದು. ತೊಳೆದ ಡಬ್ಬದಲ್ಲಿ ಸೀಮೆಎಣ್ಣೆಯನ್ನೋ ಕುಡಿಯುವ ನೀರನ್ನೋ ತುಂಬಿಡುವ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೃಷಿ ಇಲಾಖೆಯ ರೈತ ಸಂಪರ್ಕ ಕೇಂದ್ರದವರನ್ನು ಶಿಬಿರಕ್ಕೆ ಕರೆಸಿ, ಔಷಧ ಹೊಡೆದಾದ ಮೇಲೆ ಬಾಟಲಿಯನ್ನು ಮೂರು ಸಲ ತೊಳೆದು, ಆ ನೀರನ್ನು ಸಿಂಪಡಣೆಯ ಡಬ್ಬಕ್ಕೇ ಸುರಿದು, ಬಾಟಲಿಗೆ ತೂತು ಹಾಕುವುದನ್ನು ರೈತರ ಎದುರೇ ಮಾಡಿ ತೋರಿಸಲು ಕೇಳಿ. ನೀವು ಈ ಒಂದನ್ನೇ ಕಲಿಸಿ ಬಂದರೂ ಶಿಬಿರ ವ್ಯರ್ಥವಾಗಲಿಲ್ಲ ಎನ್ನುತ್ತೇನೆ.

ಪ್ರಶ್ನೆ: ಶ್ರಮದಾನದ ಕೊನೆಗೆ ಒಣಗಿದ ಎಲೆಗಳನ್ನು ಸುಟ್ಟುಬಿಡುತ್ತೇವೆ. ಇದು ತಪ್ಪೇ?
ಬೆಟಗೇರಿ, ಗದಗ

ಉತ್ತರ: ತಪ್ಪು. ಎಲೆಯ ರಾಶಿಯಲ್ಲಿ ಪ್ಲಾಸ್ಟಿಕ್ ಇದ್ದೇ ಇರುತ್ತದೆ, ಅದರ ಹೊಗೆ ಅಕ್ಕಪಕ್ಕದ ಮನೆಗಳ ಒಳಗೆ ಹೋಗುತ್ತದೆ. ಬಯಲಿನಲ್ಲಿ ಕಸ ಸುಡುವವರಿಗೆ 5,000 ರೂಪಾಯಿ, ಭಾರಿ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ವಿಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲಿ ಆದೇಶಿಸಿದೆ. ಎಲೆಗಳನ್ನು ಗುಂಡಿಗೆ ಹಾಕಿ ಸಗಣಿ ನೀರು ಚಿಮುಕಿಸಿದರೆ ಕೆಲವು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ.

ಪ್ರಶ್ನೆ: ನಾವು ಬಾಟಲಿಗಳನ್ನು ಆಯ್ದು ಮಾರಿ ಸಂಘಕ್ಕೆ ಹಣ ಕೂಡಿಸುತ್ತೇವೆ. ಚಿಂದಿ ಆಯುವವರ ಹೊಟ್ಟೆಯ ಮೇಲೆ ಹೊಡೆದಂತೆ ಆಗುತ್ತದೆಯೇ ಎಂಬ ಅಳುಕಿದೆ.
ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಆಗುತ್ತದೆ. ನಿಮಗೆ ಅದು ಸಂಘದ ಉಳಿತಾಯ, ಅವರಿಗೆ ಅಂದಿನ ಅಡುಗೆ. 2016ರ ಘನತ್ಯಾಜ್ಯ ನಿಯಮಗಳು ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದು ಹೇಳಿದ್ದರ ಜೊತೆಗೆ, ಚಿಂದಿ ಆಯುವವರನ್ನು ಗುರುತಿಸಿ ಈ ವ್ಯವಸ್ಥೆಯೊಳಗೆ ಸೇರಿಸಿಕೊಳ್ಳಬೇಕೆಂದೂ ಹೇಳಿದವು. ನಿಮ್ಮ ಸಂಘ ಅದನ್ನು ಪಾಲಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಬೆಲೆ ಬಾಳುವುದನ್ನು ಅವರಿಗೆ ಬಿಡಿ. ಯಾರೂ ಕೊಳ್ಳದ ಚಿಪ್ಸ್ ಪಾಕೀಟು, ಥರ್ಮೋಕೋಲು, ಹರಿದ ಬಟ್ಟೆಗಳನ್ನು ನೀವು ಎತ್ತಿ.

ನಾನು ಮೇಲೆ ಹೇಳಿದ ಬಡಾವಣೆಯಲ್ಲಿ, ಆ ಬುಧವಾರದ ನಂತರ, ಚಿಂದಿ ಆಯುವ ಒಬ್ಬ ತಾಯಿಯನ್ನು ನಮ್ಮ ತಂಡಕ್ಕೆ ಕಲಿಸಿಕೊಡಲು ಕರೆದೆವು, ಅರ್ಧ ದಿನದ ಕೂಲಿಯನ್ನೂ ಕೊಟ್ಟೆವು. ಆಕೆ ಒಂದು ಬಾಟಲಿ ತೆಗೆದುಕೊಂಡು, ಮುಚ್ಚಳ ತಿರುಗಿಸಿ ಒಂದು ಕಡೆ, ಕೊರಳಿನ ಬಳೆಯನ್ನೂ ಮೈಮೇಲಿನ ಚೀಟಿಯನ್ನೂ ಉಗುರಿನಿಂದ ಕಿತ್ತು ಇನ್ನೊಂದು ಕಡೆ ಹಾಕಿದರು. ಮುಚ್ಚಳದ ಪ್ಲಾಸ್ಟಿಕ್ಕೇ ಬೇರೆ, ಬಾಟಲಿಯದೇ ಬೇರೆ. ನಂತರ ಎರಡು ಬೇರೆ ಬೇರೆ ಕೈಚೀಲಗಳನ್ನು ಕಿವಿಯ ಹತ್ತಿರ ಹಿಸುಕಿ, ಚರಚರ ಸದ್ದು ಮಾಡಿದ್ದು ಒಂದು ಜಾತಿ, ಸದ್ದಿಲ್ಲದೆ ಮೆತ್ತಗೆ ಮುದುಡಿದ್ದು ಇನ್ನೊಂದು ಜಾತಿ ಎಂದು ತೋರಿಸಿದರು. ಹೊರಡುವಾಗ ಆಕೆ ನಮ್ಮಲ್ಲಿ ಕೇಳಿಕೊಂಡದ್ದು ಒಂದೇ: ಬೆಳಿಗ್ಗೆ ಆರಕ್ಕೆ ಬರುವ ಬದಲು ಏಳೂವರೆಗೆ ಬರಬೇಕು, ಅಷ್ಟರೊಳಗೆ ತಮ್ಮವರು ಆಯ್ದುಕೊಂಡು ಹೋಗಿರುತ್ತಾರೆ. ಅಂದಿನಿಂದ ಆ ಬಡಾವಣೆಯ ಶ್ರಮದಾನ ಏಳೂವರೆಗೇ ಶುರುವಾಗುತ್ತದೆ.