ಕನೆಕ್ಟಿಕಟ್‌ಗೆ ಬೇರೆಯದೇ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಯಾಕೆ ಬೇಕು?

ನ್ಯೂಯಾರ್ಕ್ ರಾಜ್ಯದ ಕ್ಯಾನಸ್ಟೋಟಾದಲ್ಲಿ ಬಾಕ್ಸಿಂಗ್‌ನ ಸಾಧಕರ ಹೆಸರು ಸೇರಿಸಿ ಗೌರವಿಸುವ ಅಂತರರಾಷ್ಟ್ರೀಯ ಹಾಲ್ ಆಫ್ ಫೇಮ್ ಇರುವಾಗ ಪಕ್ಕದ ಪುಟ್ಟ ಕನೆಕ್ಟಿಕಟ್‌ಗೆ ಇನ್ನೊಂದು ಯಾಕೆ, ದಂಡವಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನಾನು ಇನ್ಶೂರೆನ್ಸ್ ಕಂಪನಿಯ ಸಾಫ್ಟ್‌ವೇರ್ ಕೆಲಸಕ್ಕೆಂದು ಕನೆಕ್ಟಿಕಟ್‌ನ ರಾಜಧಾನಿ ಹಾರ್ಟ್‌ಫರ್ಡ್ ಕಡೆ ಬಂದು ರಾಕಿ ಹಿಲ್‌ನಲ್ಲಿ ಮನೆ ಮಾಡಿದವನು. ಫೆದರ್‌ವೇಟ್ ಎಂಬ ತೂಕದ ವಿಭಾಗದಲ್ಲಿ ವಿಶ್ವ ಚಾಂಪಿಯನ್ ಆಗಿದ್ದ ಬಾಕ್ಸರ್ ವಿಲ್ಲಿ ಪೆಪ್ 2006ರಲ್ಲಿ ಕಣ್ಣು ಮುಚ್ಚಿದ್ದು ಇದೇ ಊರಿನಲ್ಲಿ ಎಂದು ನನಗೆ ತಿಳಿಯುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು.

ಪೆಪ್ ಗೆದ್ದ ಪಂದ್ಯಗಳು 229. 1947ರ ಜನವರಿಯಲ್ಲಿ ವಿಮಾನ ಬಿದ್ದು ಅವರ ಬೆನ್ನುಮೂಳೆ ಮುರಿಯಿತು. ಜೂನ್‌ನಲ್ಲಿ ಮತ್ತೆ ರಿಂಗ್ ಹತ್ತಿದರು, ಅದೂ ಹಾರ್ಟ್‌ಫರ್ಡ್‌ನಲ್ಲೇ, ಗೆದ್ದೂ ಬಿಟ್ಟರು! ಅಂಥವರನ್ನು ಕ್ಯಾನಸ್ಟೋಟಾ 1990ರ ಮೊದಲ ಪಟ್ಟಿಯಲ್ಲೇ ಸೇರಿಸಿಕೊಂಡಿತು. ಆದರೆ ಇದೇ ರಾಜ್ಯದ ಮೆರಿಡನ್‌ನ ಕಿಡ್ ಕ್ಯಾಪ್ಲನ್, ಹಾರ್ಟ್‌ಫರ್ಡ್‌ನ ಬ್ಯಾಟ್ ಬ್ಯಾಟಲೀನೊ ಕೂಡ ಫೆದರ್‌ವೇಟ್ ವಿಶ್ವ ಚಾಂಪಿಯನ್ನರೇ. ಅವರಿಗೆ ಅಲ್ಲಿ ಜಾಗ ಸಿಕ್ಕಿದ್ದು 2003ರಲ್ಲಿ, ಇಬ್ಬರೂ ತೀರಿಕೊಂಡು ಕಾಲು ಶತಮಾನ ದಾಟಿದ ಮೇಲೆ. 1987ರಲ್ಲಿ ಒಲಿಂಪಿಕ್ ಚಿನ್ನದ ಮಾರ್ಕ್ ಬ್ರೀಲೆಂಡ್‌ರನ್ನು ಕೆಡವಿದ ಮಾರ್ಲನ್ ಸ್ಟಾರ್ಲಿಂಗ್ ಈ ಹಾರ್ಟ್‌ಫರ್ಡ್‌ನವರೇ. ಇಂಥವರನ್ನು ಊರಿನವರು ನೆನೆಯದೆ ಇನ್ಯಾರು ನೆನೆಯಬೇಕು?

ಚಾಂಪಿಯನ್ನರ ಮಾತು ಬಿಡಿ, ಅವರ ಹೆಸರು ದಾಖಲೆಯಲ್ಲಾದರೂ ಉಳಿಯುತ್ತದೆ. ನನಗೆ ಮುಖ್ಯ ಅನಿಸುವುದು ರಿಂಗಿನ ಮೂಲೆಯಲ್ಲಿ ನಿಲ್ಲುವವರು. ಎರಡು ಸುತ್ತುಗಳ ನಡುವೆ ಸಿಗುವುದು ಒಂದೇ ನಿಮಿಷ. ಅಷ್ಟರಲ್ಲಿ ಕಟ್‌ಮ್ಯಾನ್ ಹುಬ್ಬಿನ ಗಾಯಕ್ಕೆ ಅಡ್ರಿನಲಿನ್ ಅದ್ದಿದ ಹತ್ತಿ ಒತ್ತಿ ಹಿಡಿದು ರಕ್ತ ನಿಲ್ಲಿಸಬೇಕು, ಊದಿಕೊಂಡ ಕೆನ್ನೆಗೆ ತಣ್ಣನೆಯ ಲೋಹದ ತುಂಡು ಒತ್ತಬೇಕು, ಮೇಲೆ ವ್ಯಾಸಲೀನ್ ಬಳಿಯಬೇಕು. ರಕ್ತ ನಿಲ್ಲದಿದ್ದರೆ ಡಾಕ್ಟರ್ ಪಂದ್ಯವನ್ನೇ ನಿಲ್ಲಿಸುತ್ತಾರೆ. ಗೆದ್ದರೆ ಕೈ ಎತ್ತುವುದು ಮಾತ್ರ ಬಾಕ್ಸರ್‌ದು. ರೆಫರಿಗಳು, ಗಂಟೆ ಬಾರಿಸುವವರು, ಸಂಜೆ ಸಂಜೆ ಜಿಮ್ ಬಾಗಿಲು ತೆಗೆದು ಬಡ ಹುಡುಗರಿಗೆ ಪಾಠ ಹೇಳಿದ ಕೋಚ್‌ಗಳು, ಸ್ಥಳೀಯ ಪತ್ರಿಕೆಯ ವರದಿಗಾರರು, ಇವರೆಲ್ಲ ಜಗತ್ತಿನ ಪಟ್ಟಿಗೆ ಚಿಕ್ಕವರು. ರಾಜ್ಯದ ಪಟ್ಟಿ ಮಾಡುವವರಿಗೆ ಮಾತ್ರ ಇವರು ಕಣ್ಣಾರೆ ಕಂಡವರು, ಕೈ ಹಿಡಿದು ಕಲಿಸಿದವರು.

ಇದು ನನಗೆ ಇಷ್ಟು ನಾಟಲು ಕಾರಣವಿದೆ. ನಮ್ಮ ತಾತ ದಾವಣಗೆರೆಯಲ್ಲಿ ಕುಸ್ತಿ ಆಡುತ್ತಿದ್ದರು. ಅವರು ಗೆದ್ದ ಬೆಳ್ಳಿ ಕಡಗ ಇವತ್ತಿಗೂ ನಮ್ಮ ಮನೆಯಲ್ಲಿದೆ. ಗರಡಿಯಲ್ಲಿ ಬೆಳಗಿನ ನಾಲ್ಕಕ್ಕೆ ಎದ್ದು ಮಣ್ಣು ಹದ ಮಾಡಿ, ಅವರಿಗೆ ಪಟ್ಟು ಕಲಿಸಿದ ಉಸ್ತಾದರ ಹೆಸರನ್ನು ಮಾತ್ರ ಯಾರೂ ಎಲ್ಲೂ ಬರೆದಿಡಲಿಲ್ಲ. ಈಗ ಕೇಳೋಣವೆಂದರೆ ಅಪ್ಪನೂ ಇಲ್ಲ.