ಅಂಗಡಿಯ ಮುಂದೆ ಆಡಿದ ಮಾತು, ಪಂಚಾಯಿತಿಯಲ್ಲಿ ಆಡದ ಮಾತು

ಹಾಸನ ಜಿಲ್ಲೆಯಿಂದ ನಿವೃತ್ತ ಶಿಕ್ಷಕರೊಬ್ಬರು ಎರಡು ಹಾಳೆಯ ಪತ್ರ ಬರೆದಿದ್ದಾರೆ, ಹೆಸರು ಹಾಕಬೇಡಿ ಎಂದಿದ್ದಾರೆ. ವಿಷಯ ಇಷ್ಟು. ಅವರ ತಮ್ಮನ ಮಗ ಪಾತ್ರೆ ಅಂಗಡಿ ತೆರೆದ ದಿನ, ಪ್ರಾರ್ಥನೆ ಮುಗಿದು ಬಂದವರೆಲ್ಲ ಕೇಸರಿಬಾತು ತಿನ್ನುತ್ತಿದ್ದಾಗ, ಇವರು “ಈ ಜಾಗದಲ್ಲಿ ಈ ವ್ಯಾಪಾರ ಆರು ತಿಂಗಳೂ ನಡೆಯುವುದಿಲ್ಲ” ಎಂದರು. ಅಂಗಡಿ ಐದನೆಯ ತಿಂಗಳಿಗೇ ಮುಚ್ಚಿತು. ತಮ್ಮನ ಮನೆಯವರು ಇವರ ಜೊತೆ ಮಾತು ಬಿಟ್ಟರು. “ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ. ಹೌದಾದರೆ ಹೌದು, ಅಲ್ಲವಾದರೆ ಅಲ್ಲ ಎನ್ನಬೇಕೆಂದು ಯೇಸುಸ್ವಾಮಿಯೇ ಹೇಳಿಲ್ಲವೇ? ನಾನು ತಪ್ಪಿದ್ದೆಲ್ಲಿ?” ಎಂಬುದು ಅವರ ಪ್ರಶ್ನೆ.

ಮೇಷ್ಟ್ರೇ, ಅಂಗಡಿಯ ಬಗ್ಗೆ ನಿಮ್ಮ ಅಂದಾಜು ಸರಿಯಾಗಿಯೇ ಇತ್ತು. ನನ್ನ ತಕರಾರು ನೀವು ಬೆಂಬಲಕ್ಕೆ ಕರೆತಂದ ವಚನದ ಬಗ್ಗೆ. ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯವನ್ನು 33ನೆಯ ವಚನದಿಂದ ಓದಿಕೊಂಡು ಬನ್ನಿ. ಅಲ್ಲಿ ಕಡ್ಡಿ ಮುರಿದಂತೆ ಮಾತನಾಡುವ ಪ್ರಸ್ತಾಪವೇ ಇಲ್ಲ, ಇರುವುದು ಆಣೆಯ ಮಾತು. ಆಕಾಶದ ಆಣೆ, ಭೂಮಿಯ ಆಣೆ, ಯೆರೂಸಲೇಮಿನ ಆಣೆ ಎಂದು ಜನ ಮಾತಿಗೆ ಮುದ್ರೆ ಒತ್ತುತ್ತಿದ್ದ ಕಾಲ. ದೇವಾಲಯದ ಆಣೆ ಇಟ್ಟರೆ ಚಿಂತೆಯಿಲ್ಲ, ದೇವಾಲಯದ ಚಿನ್ನದ ಆಣೆ ಇಟ್ಟರೆ ಮಾತ್ರ ನಡೆಸಿಕೊಡಬೇಕು ಎಂಬಂಥ ಒಳದಾರಿಗಳೂ ಇದ್ದವೆಂದು ಅದೇ ಸುವಾರ್ತೆಯ 23ನೆಯ ಅಧ್ಯಾಯದಲ್ಲಿ ಬರುತ್ತದೆ. ಮಕ್ಕಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡುವ ನಮಗೆ ಇದು ತೀರ ಅಪರಿಚಿತವೇನಲ್ಲ. ನಿನ್ನ ತಲೆಯ ಆಣೆಯೂ ಬೇಡ, ಒಂದು ಕೂದಲನ್ನು ಬೆಳ್ಳಗೆ ಇಲ್ಲವೇ ಕಪ್ಪಗೆ ಮಾಡುವುದು ನಿನ್ನಿಂದ ಆಗದು ಎನ್ನುತ್ತಾರೆ ಯೇಸು. (ಈಗ ಬಣ್ಣ ಸಿಗುತ್ತದೆ, ನಿಜ. ಹದಿನೈದು ದಿನಕ್ಕೆ ಬುಡದಲ್ಲಿ ಬಿಳಿ ಇಣುಕುತ್ತದೆ.) ಆಣೆಯ ಊರುಗೋಲಿಲ್ಲದೆಯೇ ನಿಮ್ಮ ‘ಹೌದು’ ನಿಲ್ಲಬೇಕು ಎಂಬುದು ಅಲ್ಲಿನ ಮಾತು. ಹೊಸ ಅಂಗಡಿಯ ಭವಿಷ್ಯ ಹೇಳಲು ಅದು ಕೊಟ್ಟ ಪರವಾನಗಿಯಲ್ಲ.

ಬೈಬಲ್ ಸತ್ಯದ ಮಾತನ್ನು ಮೊಟ್ಟಮೊದಲು ಎಲ್ಲಿ ಕೇಳುತ್ತದೆ ನೋಡಿ. ಹತ್ತು ಆಜ್ಞೆಗಳಲ್ಲಿ ಒಂಬತ್ತನೆಯದು, ಕಥೋಲಿಕರ ಎಣಿಕೆಯಲ್ಲಿ ಎಂಟನೆಯದು, ‘ಸುಳ್ಳು ಹೇಳಬೇಡ’ ಎಂದಷ್ಟೇ ಹೇಳಿ ಮುಗಿಸುವುದಿಲ್ಲ. ನೆರೆಯವನ ವಿಷಯದಲ್ಲಿ ಸುಳ್ಳು ಸಾಕ್ಷಿ ಹೇಳಬೇಡ ಎನ್ನುತ್ತದೆ. ಅದು ನ್ಯಾಯ ತೀರ್ಮಾನದ ಭಾಷೆ. ಆ ಕಾಲದ ಊರುಗಳಲ್ಲಿ ಹಿರಿಯರು ಊರಬಾಗಿಲಲ್ಲಿ ಕುಳಿತು ನ್ಯಾಯ ಹೇಳುತ್ತಿದ್ದರು, ನಮ್ಮಲ್ಲಿ ಚಾವಡಿ ಇದ್ದ ಹಾಗೆ. ಬೆರಳಚ್ಚು, ರಸೀದಿ, ಕ್ಯಾಮೆರಾ ಯಾವುದೂ ಇಲ್ಲ. ಇಬ್ಬರು ಮೂವರು ಬಾಯಿಬಿಟ್ಟು ಹೇಳಿದ್ದರ ಮೇಲೆ ಒಬ್ಬನ ಹೊಲ ಹೋಗಬಹುದು, ತಲೆಯೂ ಹೋಗಬಹುದು. ಮರಣದಂಡನೆಯಾದರೆ ಮೊದಲ ಕಲ್ಲನ್ನು ಸಾಕ್ಷಿ ಹೇಳಿದವರೇ ಎಸೆಯಬೇಕು, ಸಾಕ್ಷಿ ಸುಳ್ಳೆಂದು ಗೊತ್ತಾದರೆ ಅವನು ಬೇರೆಯವನಿಗೆ ಬಗೆದ ಶಿಕ್ಷೆ ಅವನಿಗೇ ಆಗಬೇಕು ಎಂದು ಬೈಬಲಿನ ಧರ್ಮೋಪದೇಶಕಾಂಡ ವಿಧಿಸುತ್ತದೆ. ಇಷ್ಟೆಲ್ಲ ಬೇಲಿ ಇದ್ದರೂ ನಾಬೋತನೆಂಬವನು ಸುಳ್ಳು ಸಾಕ್ಷಿಯಿಂದ ಸತ್ತ ಕಥೆ ಬೈಬಲಿನಲ್ಲೇ ಇದೆ. ಅವನ ದ್ರಾಕ್ಷಿ ತೋಟ ಅರಮನೆಯ ಪಕ್ಕದಲ್ಲಿತ್ತು, ರಾಜ ಅಹಾಬನ ಕಣ್ಣು ಅದರ ಮೇಲೆ ಬಿದ್ದಿತ್ತು, ರಾಣಿ ಈಜೆಬೆಲಳು ಇಬ್ಬರು ನೀಚರನ್ನು ಸಾಕ್ಷಿಗೆ ಕೂರಿಸಿದಳು. ಆ ಕಥೆಯನ್ನು ಓದುವಾಗಲೆಲ್ಲ ನನ್ನ ಮನಸ್ಸು ಆ ಇಬ್ಬರನ್ನು ಬಿಟ್ಟು ಊರಿನ ಉಳಿದವರ ಕಡೆ ಹೋಗುತ್ತದೆ. ನಾಬೋತನನ್ನು ಹುಟ್ಟಿದಾಗಿನಿಂದ ಬಲ್ಲವರು ಅಲ್ಲಿ ಇದ್ದಿರಲೇಬೇಕು. ಒಬ್ಬರಾದರೂ ಬಾಯಿ ತೆರೆದರೆಂದು ಕಥೆ ಹೇಳುವುದಿಲ್ಲ.

ಹೀಬ್ರೂ ಭಾಷೆಯಲ್ಲಿ ಸತ್ಯಕ್ಕೆ ‘ಎಮೆತ್’ ಎನ್ನುತ್ತಾರೆ. ಪ್ರಾರ್ಥನೆಯ ಕೊನೆಗೆ ನಾವು ಹೇಳುವ ‘ಆಮೆನ್’ ಅದೇ ಧಾತುವಿನಿಂದ ಬಂದದ್ದು. ಗಟ್ಟಿಯಾದದ್ದು, ಒರಗಿದರೆ ಕುಸಿಯದೇ ಇರುವುದು ಎಂಬ ಭಾವ ಅದರಲ್ಲಿದೆ. ಅಂಗಡಿಯ ಮುಂದೆ ನೀವು ಆಡಿದ ಮಾತಿಗೆ ಯಾರು ಒರಗಬಹುದಿತ್ತು? ಬಾಡಿಗೆ ಕರಾರು ಆಗಿತ್ತು, ಸರಕು ಇಳಿದಿತ್ತು, ಬೋರ್ಡು ಬರೆಸಿಯಾಗಿತ್ತು. ಎರಡು ತಿಂಗಳು ಮೊದಲು ಹುಡುಗನನ್ನು ಒಬ್ಬನನ್ನೇ ಕರೆದು ಹೇಳಿದ್ದರೆ ಅದೇ ಮಾತು ಅವನಿಗೆ ಗೋಡೆಯಾಗುತ್ತಿತ್ತು.

ಈಗ ನಿಮ್ಮ ಎರಡನೆಯ ಹಾಳೆಗೆ ಬರುತ್ತೇನೆ. ಕೆಳಗಡೆ ಸಣ್ಣ ಅಕ್ಷರದಲ್ಲಿ ನಾಲ್ಕು ಸಾಲು ಬರೆದಿದ್ದೀರಿ. ಅಂಗಡಿ ಬಿಟ್ಟುಕೊಟ್ಟ ಮೇಲೆ ಕಟ್ಟಡದ ಮಾಲೀಕರು ಮುಂಗಡ ಕೊಟ್ಟದ್ದು ₹40,000 ಮಾತ್ರ ಎನ್ನುತ್ತಿದ್ದಾರೆ, ಹುಡುಗ ₹60,000 ಎನ್ನುತ್ತಾನೆ, ಚೀಟಿಯಿಲ್ಲ. ಹಣ ಎಣಿಸಿ ಕೊಟ್ಟಾಗ ನೀವು ಅಲ್ಲೇ ಇದ್ದಿರಿ. ಪಂಚಾಯಿತಿಗೆ ಬಂದು ಹೇಳಿ ಎಂದು ತಮ್ಮ ಇನ್ನೊಬ್ಬರ ಕೈಲಿ ಹೇಳಿಕಳುಹಿಸಿದರೆ, “ಊರಿನವರ ಜೊತೆ ನಿಷ್ಠುರ ಏಕೆಂದು ಹೋಗಲಿಲ್ಲ” ಎಂದು ಬರೆದಿದ್ದೀರಿ.

ಬೈಬಲಿನ ಯಾಜಕಕಾಂಡದ 5ನೆಯ ಅಧ್ಯಾಯದ ಮೊದಲ ವಚನವನ್ನು ನಮ್ಮ ಉಪದೇಶಗಳಲ್ಲಿ ಯಾರೂ ಎತ್ತಿಕೊಳ್ಳುವುದಿಲ್ಲ. ಸಾಕ್ಷಿ ಹೇಳಬೇಕೆಂದು ಕರೆ ಕೊಟ್ಟಾಗ, ಕಂಡವನು ಅಥವಾ ತಿಳಿದವನು ತಿಳಿಸದೆ ಹೋದರೆ ಆ ದೋಷ ಅವನದು ಎನ್ನುತ್ತದೆ ಅದು. ಸುಳ್ಳು ಹೇಳಿದವನ ಮಾತಲ್ಲ, ಸುಮ್ಮನಿದ್ದವನ ಮಾತು. ನಿಷ್ಠುರವಾದಿ ಎಂದು ಹೆಸರು ಮಾಡಿದ ನೀವು, ಕೇಳದೇ ಇದ್ದಾಗ ಹೇಳಿದಿರಿ, ಕೇಳಿದಾಗ ನಿಷ್ಠುರಕ್ಕೆ ಹೆದರಿದಿರಿ.

ಇದನ್ನು ಬರೆಯುವ ಯೋಗ್ಯತೆ ನನಗೂ ಪೂರ್ತಿ ಇಲ್ಲ. ಪತ್ರಿಕೆಗೆ ಬರುವ ಮುಂಚೆ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಒಂದು ದಿನ ಎರಡು ರೀಮು ಕಾಗದ ಕಾಣೆಯಾಯಿತು, ಅಪವಾದ ಅಚ್ಚಿನ ಮೊಳೆ ಜೋಡಿಸುವ ಹುಡುಗನ ಮೇಲೆ ಬಂತು. ಆ ಸಂಜೆ ಅವನು ನನ್ನ ಜೊತೆಯಲ್ಲೇ ಬಸ್ಸು ಹತ್ತಿದ್ದ, ಕೈಯಲ್ಲಿ ಊಟದ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ಮಾಲೀಕರು ನನ್ನನ್ನು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ಹುಡುಗ ಕೆಲಸ ಬಿಟ್ಟುಹೋದ. ಅದಕ್ಕೆ ಒಂದು ವಾರದ ಹಿಂದಷ್ಟೇ, ಒಂದೇ ಪುಟದಲ್ಲಿ ಹದಿನೇಳು ಒತ್ತಕ್ಷರ ತಪ್ಪಿಸಿದ್ದಾನೆಂದು ಅವನನ್ನು ಎಲ್ಲರೆದುರು ಬೈದಿದ್ದೆ. ಹದಿನೇಳು ಎಂಬ ಲೆಕ್ಕ ಇವತ್ತಿಗೂ ಮರೆತಿಲ್ಲ.

ನೇರ ಮಾತಿಗೆ ನಿಮಗೊಬ್ಬ ಆದರ್ಶ ಬೇಕಾದರೆ ನಾತಾನ ಪ್ರವಾದಿ ಇದ್ದಾನೆ. ರಾಜ ದಾವೀದನು ತನ್ನ ಸೈನಿಕ ಊರೀಯನ ಹೆಂಡತಿಯನ್ನು ತೆಗೆದುಕೊಂಡು, ಅವನನ್ನು ಯುದ್ಧದ ಮುಂಚೂಣಿಯಲ್ಲಿ ನಿಲ್ಲಿಸಿ ಕೊಲ್ಲಿಸಿದ್ದ. ನಾತಾನ ಹೋದವನೇ ‘ನೀನು ಕೊಲೆಗಾರ’ ಎನ್ನಲಿಲ್ಲ. ಒಬ್ಬ ಬಡವನ ಕುರಿಮರಿಯ ಕಥೆ ಹೇಳಿದ. ಅದು ಅವನ ತುತ್ತಿನಲ್ಲೇ ತಿನ್ನುತ್ತಿತ್ತು, ಅವನ ಲೋಟದಲ್ಲೇ ಕುಡಿಯುತ್ತಿತ್ತು, ಅವನ ಎದೆಯ ಮೇಲೆ ಮಲಗುತ್ತಿತ್ತು. ಹಿಂಡುಗಟ್ಟಲೆ ಇದ್ದ ಶ್ರೀಮಂತ ಅತಿಥಿಗೆ ಅಡುಗೆ ಮಾಡಿಸಲು ಅದನ್ನೇ ಎಳೆದುಕೊಂಡು ಹೋದ. ರಾಜ ಸಿಟ್ಟಿನಿಂದ ಕುದಿದು ತೀರ್ಪು ಕೊಟ್ಟ ಮೇಲೆ, ‘ಆ ಮನುಷ್ಯನು ನೀನೇ’ ಎಂದ. ಅಷ್ಟು ಹೊತ್ತು ನಾತಾನನ ಪ್ರಾಣ ಅವನ ನಾಲಿಗೆಯ ಮೇಲಿತ್ತು. ಅವನು ಮಾತನಾಡಿದ್ದು ಸತ್ತುಹೋದ, ಇನ್ನು ಬಾಯಿಯಿಲ್ಲದ ಊರೀಯನ ಪರವಾಗಿ. ಕೇಸರಿಬಾತಿನ ತಟ್ಟೆ ಹಿಡಿದು ಹುಡುಗನಿಗೆ ಹೇಳುವಾಗ ನಿಮಗೆ ಹೋಗುವುದು ಏನಿತ್ತು?

ಎಲ್ಲವನ್ನೂ ಕಳೆದುಕೊಂಡು ನೋವಿನಲ್ಲಿದ್ದ ಯೋಬನನ್ನು ನೋಡಲು ಬಂದು, ಕೊನೆಗೆ ಅವನನ್ನೇ ದೂರಿದ ಸ್ನೇಹಿತರ ಬಗ್ಗೆ ಬರೆಯಬೇಕೆಂದಿದ್ದೆ, ಜಾಗವಿಲ್ಲ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕುಳಿತಿದ್ದರಲ್ಲ, ಅಲ್ಲಿಯ ತನಕ ಅವರು ಒಳ್ಳೆಯ ಸ್ನೇಹಿತರೇ.

ಪಂಚಾಯಿತಿ ಮುಂದಿನ ತಿಂಗಳಿಗೆ ಹೋಗಿದೆ ಎಂದು ಬರೆದಿದ್ದೀರಿ, ಹಾಗಾದರೆ ಸಮಯವಿದೆ. ಅಲ್ಲಿ ಹುಡುಗನ ವ್ಯಾಪಾರ ಬುದ್ಧಿಯ ಬಗ್ಗೆ ಮಾತು ಬೇಡ, ಮಾಲೀಕರ ಗುಣದ ಬಗ್ಗೆಯೂ ಬೇಡ. ಅರವತ್ತು ಸಾವಿರ ಎಣಿಸಿದ್ದನ್ನು ಕಂಡಿರಾ ಎಂದು ಕೇಳುತ್ತಾರೆ, ಹೌದು ಎನ್ನಿ. ಅದಕ್ಕೂ ಮೊದಲು ತಮ್ಮನ ಮನೆಗೆ ಹೋಗಿಬನ್ನಿ. ಸಂಜೆಯ ಹೊತ್ತಿಗೆ ಹೋದರೆ ಒಳ್ಳೆಯದು: ಬೆಳಗಿನ ಜಾವ ಎದ್ದು ನೆರೆಯವನಿಗೆ ದೊಡ್ಡ ದನಿಯಲ್ಲಿ ಶುಭ ಕೋರಿದರೆ ಅದು ಶಾಪದ ಲೆಕ್ಕಕ್ಕೆ ಹೋಗುತ್ತದೆ ಎಂದು ಬೈಬಲಿನ ಜ್ಞಾನೋಕ್ತಿಗಳ 27ನೆಯ ಅಧ್ಯಾಯದಲ್ಲಿದೆ.

— ಸಂಪಾದಕ