ಹಲಸಿನ ಕೇಕ್ ನಡುವಲ್ಲಿ ಹಸಿಯಾಗುವುದೇಕೆ?

ಪ್ರಶ್ನೆ: ಮೈದಾ ಬಿಟ್ಟು ಅಕ್ಕಿಹಿಟ್ಟಿನಲ್ಲಿ ಹಲಸಿನ ಹಣ್ಣಿನ ಕೇಕ್ ಮಾಡಿದೆ. ಓವನ್‌ನಲ್ಲಿ ಚೆನ್ನಾಗಿ ಉಬ್ಬಿತ್ತು, ಹೊರಗೆ ತೆಗೆದ ಸ್ವಲ್ಪ ಹೊತ್ತಿಗೆ ನಡು ಕುಸಿಯಿತು. ಒಳಗೆ ಅಂಟಂಟು, ಅಂಚಿನಲ್ಲಿ ಮರಳು ಮರಳು. ಸರಿಯಾದ ಅಳತೆ ತಿಳಿಸುವಿರಾ? ಅರಶಿನ ಎಲೆಯ ಪರಿಮಳವೂ ಬೇಕು.
– ಓದುಗರೊಬ್ಬರು, ಕಾರ್ಕಳ

ಉತ್ತರ: ಅಂಟಿಗೂ ಮರಳಿಗೂ ಕಾರಣ ಒಂದೇ. ಹಣ್ಣಿನ ನೀರು ಹಿಟ್ಟಿಗೆ ಇಳಿಯುವ ಮೊದಲೇ ಕೇಕ್ ಬೇಯಲು ಹೋಗಿದೆ. ಮೈದಾದಲ್ಲಿ ಗ್ಲುಟನ್ ಎಂಬ ಗೋಧಿಯ ಅಂಟು ಪ್ರೋಟೀನ್ ಬಲೆಯಂತೆ ಗಾಳಿಯನ್ನು ಹಿಡಿದಿಡುತ್ತದೆ. ಅಕ್ಕಿಯಲ್ಲಿ ಅದಿಲ್ಲ, ಮೊಟ್ಟೆ ಮತ್ತು ಬೆಂದ ಪಿಷ್ಟವೇ ಆ ಕೆಲಸ ಮಾಡಬೇಕು. ಪಿಷ್ಟ ಬೇಯಲು ಅದು ಮೊದಲು ನೆನೆದಿರಬೇಕು. ಗಟ್ಟಿ (ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸುವ ಅಕ್ಕಿ ಕಡುಬು) ಮಾಡುವವರು ಅಕ್ಕಿ ನೆನೆಹಾಕುವುದು ಸುಮ್ಮನೆ ಅಲ್ಲ.

18 ಸೆಂ.ಮೀ. ಅಗಲದ ದುಂಡು ತಟ್ಟೆಗೆ: ಬೆಳ್ತಿಗೆ (ಕುಸುಬಲು ಅಲ್ಲದ ಬಿಳಿ) ಅಕ್ಕಿಯ ನುಣ್ಣನೆ ಹಿಟ್ಟು 150 ಗ್ರಾಂ, ಗೇರುಬೀಜದ ಹುಡಿ 50 ಗ್ರಾಂ, ಸಾಬಕ್ಕಿಯ ಹುಡಿ 30 ಗ್ರಾಂ, ಬೆಲ್ಲದ ಹುಡಿ 120 ಗ್ರಾಂ, ತೆಂಗಿನೆಣ್ಣೆ 80 ಮಿ.ಲೀ., ಮೊಟ್ಟೆ 3, ಬೇಕಿಂಗ್ ಪೌಡರ್ ಒಂದೂವರೆ ಟೀ ಚಮಚ, ಉಪ್ಪು ಕಾಲು ಟೀ ಚಮಚ, ಏಲಕ್ಕಿ ನಾಲ್ಕು. ಬೀಜ ತೆಗೆದ ಹಲಸಿನ ಸೊಳೆ 400 ಗ್ರಾಂ.

ಬಕ್ಕೆ (ಗಟ್ಟಿ ಸೊಳೆಯ ಹಲಸು) ಹಣ್ಣಾದರೆ ಹೆಚ್ಚಿ ಮಿಕ್ಸಿಯಲ್ಲಿ ರುಬ್ಬಿ. ತುಳುವವಾದರೆ (ಮೆತ್ತನೆ ಸೊಳೆಯ ಹಲಸು) ರುಬ್ಬಿದ ಮೇಲೆ ಸೋಸಿ ನಾರು ತೆಗೆಯಿರಿ. ಅಗಲವಾದ ಬಾಣಲೆಯಲ್ಲಿ ನಡು ಉರಿಯಲ್ಲಿ ಕೈಯಾಡಿಸುತ್ತಾ 250 ಗ್ರಾಂಗೆ ಇಳಿಸಿ. ಸೌಟು ಎಳೆದ ಗೆರೆ ಕೂಡಲೇ ಮುಚ್ಚಿಕೊಳ್ಳಬಾರದು. ನೀವು ಬಿಟ್ಟಿರುವುದು ಇದೇ ಹಂತವಿರಬೇಕು. ಉರಿ ಆರಿಸಿ ಬೆಲ್ಲ ಕರಗಿಸಿ, ಪೂರ್ತಿ ತಣಿಸಿ. ಬಿಸಿಯಿದ್ದಾಗ ಮೊಟ್ಟೆ ಹಾಕಿದರೆ ಅದು ಅಲ್ಲೇ ಬೆಂದು ಗಂಟುಗಟ್ಟುತ್ತದೆ.

ಈ ಪಾಕಕ್ಕೆ ಕದಡಿದ ಮೊಟ್ಟೆ, ಎಣ್ಣೆ, ಅಕ್ಕಿಹಿಟ್ಟು, ಸಾಬಕ್ಕಿ ಹುಡಿ ಸೇರಿಸಿ ಚೆನ್ನಾಗಿ ಕಲಸಿ (ಗ್ಲುಟನ್ ಇಲ್ಲದ್ದರಿಂದ ಜಾಸ್ತಿ ಕಲಸಿದರೆ ರಬ್ಬರಾಗುವ ಭಯವಿಲ್ಲ), ಮುಚ್ಚಿ ಅರ್ಧ ಗಂಟೆ ಇಡಿ. ಬೇಕಿಂಗ್ ಪೌಡರ್ ಈಗ ಬೇಡ. ನೆನೆಯುವಾಗಲೇ ಅದರ ಬಲ ಅರ್ಧ ಮುಗಿಯುತ್ತದೆ. ಅದನ್ನು ಗೇರುಬೀಜದ ಹುಡಿ, ಉಪ್ಪು, ಏಲಕ್ಕಿ ಜೊತೆ ಬೆರೆಸಿಟ್ಟು ಕೊನೆಗೆ ಸೇರಿಸಿ, ತಡಮಾಡದೆ ಓವನ್‌ಗೆ ಹಾಕಿ.

ಅರಶಿನ ಎಲೆಯನ್ನು ಹೆಚ್ಚಿ ಹಿಟ್ಟಿಗೆ ಹಾಕಬೇಡಿ, ನಾರು ಬಾಯಿಗೆ ಸಿಗುತ್ತದೆ. ನಡುನರ ಕತ್ತರಿಸಿ, ಎಲೆಯನ್ನು ಬೆಂಕಿಯ ಮೇಲೆ ಒಮ್ಮೆ ಬಾಡಿಸಿ, ತೆಂಗಿನೆಣ್ಣೆ ಸವರಿ ತಟ್ಟೆಯ ತಳಕ್ಕೂ ಬದಿಗೂ ಹಾಸಿ. ಮೇಲೊಂದು ಎಲೆ ಮುಚ್ಚಿ. 170 ಡಿಗ್ರಿಯಲ್ಲಿ ಮೊದಲ 25 ನಿಮಿಷ ಹಾಗೇ ಬೇಯಲಿ, ಆಮೇಲೆ ಮೇಲಿನ ಎಲೆ ತೆಗೆದು ಇನ್ನೂ 20–25 ನಿಮಿಷ. ನಡುವೆ ಚುಚ್ಚಿದ ಕಡ್ಡಿ ಒದ್ದೆ ಹಿಟ್ಟಿಲ್ಲದೆ ಬರಬೇಕು. ಕತ್ತರಿಸಲು ಎರಡು ಗಂಟೆ ಕಾಯಿರಿ. ತಣಿಯುವಾಗಲೇ ಪಿಷ್ಟ ಗಟ್ಟಿಯಾಗುವುದು. ಬಿಸಿ ಕೇಕ್ ಬೆಂದಿದ್ದರೂ ಹಸಿಯಂತೆಯೇ ಕಾಣುತ್ತದೆ.

ಅರಶಿನ ಎಲೆ ಧಾರಾಳವಾಗುವುದು ಮಳೆಗಾಲದಲ್ಲಿ. ಆ ಹೊತ್ತಿಗೆ ಮಳೆ ಕುಡಿದ ಹಲಸು ಸಪ್ಪೆ. ಮೇ ತಿಂಗಳಲ್ಲೇ ಹಣ್ಣು ಕಾಯಿಸಿ ಇಳಿಸಿ, 250 ಗ್ರಾಂ ಪೊಟ್ಟಣ ಕಟ್ಟಿ ಫ್ರೀಜರ್‌ನಲ್ಲಿಟ್ಟರೆ ಎರಡೂ ಕೂಡುತ್ತವೆ.

ಪ್ರಶ್ನೆ: ನಮ್ಮಲ್ಲಿ ಮೊಟ್ಟೆ ಇಲ್ಲ, ಓವನ್ನೂ ಇಲ್ಲ. ಆದೀತೇ?
– ಓದುಗರೊಬ್ಬರು, ಉಡುಪಿ

ಉತ್ತರ: ಆಗುತ್ತದೆ, ಆದರೆ ಅಷ್ಟು ಹಗುರವಲ್ಲ. ಮೂರು ಮೊಟ್ಟೆಯ ಬದಲು 150 ಗ್ರಾಂ ಗಟ್ಟಿ ಮೊಸರಿಗೆ 8 ಗ್ರಾಂ ಇಸಬ್‌ಗೋಲ್ ಸಿಪ್ಪೆ ಕಲಸಿ ಹತ್ತು ನಿಮಿಷ ಬಿಟ್ಟು ಸೇರಿಸಿ. ಕೊನೆಯಲ್ಲಿ ಕಾಲು ಟೀ ಚಮಚ ಅಡುಗೆ ಸೋಡಾ ಹೆಚ್ಚಿಗೆ. ಇಡ್ಲಿ ಪಾತ್ರೆಯಲ್ಲಿ 50 ನಿಮಿಷ ಹಬೆಯಲ್ಲಿ ಬೇಯಿಸಿ. ಮುಚ್ಚಳದ ಒಳಗೆ ಬಟ್ಟೆ ಕಟ್ಟದಿದ್ದರೆ ನೀರು ತೊಟ್ಟಿಕ್ಕಿ ಮೇಲ್ಭಾಗ ಕೆಸರಾದೀತು. ಕೆಂಪು ಹೊರಪದರ ಮಾತ್ರ ಸಿಗದು.

ಪ್ರಶ್ನೆ: ಹಲಸಿನ ಬದಲು ಕಾಟುಮಾವು (ಕಾಡುಮಾವು)? ಯಾವ ಸೊಪ್ಪು ಹೊಂದುತ್ತದೆ?
– ಓದುಗರೊಬ್ಬರು, ಬಂಟ್ವಾಳ

ಉತ್ತರ: ಹಿಂಡಿದ ರಸವನ್ನು ಸೋಸಿ, ಹಲಸಿನಂತೆಯೇ 250 ಗ್ರಾಂಗೆ ಇಳಿಸಿ. ಹುಳಿ ಇರುವುದರಿಂದ ಬೇಕಿಂಗ್ ಪೌಡರ್ ಒಂದು ಚಮಚಕ್ಕೆ ಇಳಿಸಿ ಕಾಲು ಚಮಚ ಸೋಡಾ ಹಾಕಿ, ಬೆಲ್ಲ 150 ಗ್ರಾಂ ಮಾಡಿ. ಮಜ್ಜಿಗೆಹುಲ್ಲು (ಲೆಮನ್‌ಗ್ರಾಸ್) ಬಹಳ ಚೆಂದ: ನಾಲ್ಕೈದು ಎಸಳು ಜಜ್ಜಿ, ಬೆಚ್ಚನೆಯ ತೆಂಗಿನೆಣ್ಣೆಯಲ್ಲಿ ಕಾಲು ಗಂಟೆ ಇಟ್ಟು ಸೋಸಿ. ತುಳಸಿಯಾದರೆ ಆರು ಎಲೆ ಸಾಕು, ಹೆಚ್ಚಾದರೆ ಲವಂಗದ ಘಾಟು ಬಂದು ಕೇಕ್ ಕಷಾಯದಂತಾಗುತ್ತದೆ.

ಪ್ರಶ್ನೆ: ಮಗಳಿಗೆ ಸೀಲಿಯಾಕ್ (ಗ್ಲುಟನ್ ಒಗ್ಗದ) ಕಾಯಿಲೆ. ಅಕ್ಕಿಹಿಟ್ಟೇ ಹಾಕಿದರೂ ಹೊಟ್ಟೆನೋವು ಬಂತು.
– ತಾಯಿಯೊಬ್ಬರು, ಮಂಗಳೂರು

ಉತ್ತರ: ಮೊದಲು ಹಿಟ್ಟಿನ ಗಿರಣಿಯನ್ನು ಅನುಮಾನಿಸಿ. ಗೋಧಿ ಬೀಸಿದ ಕಲ್ಲಿನಲ್ಲೇ ಅಕ್ಕಿ ಬೀಸಿದರೆ ಗೋಧಿ ಹುಡಿ ಸೇರುತ್ತದೆ. ಅಕ್ಕಿಯನ್ನು ಮನೆಯ ಮಿಕ್ಸಿಯಲ್ಲೇ ಹುಡಿಮಾಡಿ, ನುಣ್ಣನೆ ಜರಡಿ ಹಿಡಿಯಿರಿ. ಮೈದಾ ಜಾಲಿಸಿದ ಜರಡಿ ಬೇಡ. ತಟ್ಟೆಗೆ ಎಣ್ಣೆ ಸವರಿ ಮೈದಾ ಉದುರಿಸುವ ರೂಢಿಯಿದ್ದರೆ ಬಿಡಿ. ಬೇಕಿಂಗ್ ಪೌಡರ್‌ನಲ್ಲಿ ಗೋಧಿ ಪಿಷ್ಟ ಇದೆಯೇ ಎಂದು ಡಬ್ಬಿಯ ಮೇಲೆ ಓದಿ. ನಮ್ಮ ದೇಶದ ನಿಯಮದಂತೆ ಗ್ಲುಟನ್ ರಹಿತ ಎಂದು ಬರೆಯಲು ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟನ್ ಇರಬಾರದು. ನೋವು ಕೇಕಿನಿಂದಲೇ ಬಂದಿರಬೇಕೆಂದೂ ಇಲ್ಲ. ಅದೇ ದಿನದ ಸಾರಿನ ಇಂಗನ್ನೂ ನೋಡಿ, ಅಂಗಡಿಯ ಇಂಗಿಗೆ ಹೆಚ್ಚಾಗಿ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಇಷ್ಟು ಬದಲಿಸಿದ ಮೇಲೂ ನೋವು ಮರುಕಳಿಸಿದರೆ ವೈದ್ಯರಿಗೆ ತೋರಿಸಿ.